ಕ್ಯಾರಮೆಲ್ಲಿನ ಅಂಚು

ಕಾಂಕಾರ್ನೋ
ಜೂನ್ ೧೪

ನನ್ನ ಹಟಮಾರಿ ರೋಜೆನ್,

ನೀನು ನಾಂತ್‌ನಿಂದ ಕಳಿಸಿದ ಗಿಟಾರ್ ತಲುಪಿ ಬಹಳ ದಿನವಾಯಿತು. ಚೌಕಟ್ಟಿಗೆ ಸಾಲಾಗಿ ತಂತಿ ಬಿಗಿದು, ಮಿಠಾಯಿ ಕತ್ತರಿಸಲು ಬಳಸಿ, ಅದನ್ನು ಗಿಟಾರ್ ಎಂದು ಕರೆದವರ ಬುದ್ಧಿಗೆ ಏನೆನ್ನಬೇಕೋ! ಪೆಟ್ಟಿಗೆಯನ್ನು ಬಿಚ್ಚದೆ ಸಕ್ಕರೆ ಮೂಟೆಯ ಹಿಂದೆ ತಳ್ಳಿದ್ದೆ. ನಿನ್ನ ಅಜ್ಜಿ ಚಾಕುವಿನಲ್ಲೇ ಕತ್ತರಿಸಿದಳು, ನಾನೂ ಅಷ್ಟೆ. ಈ ಬಂದರಿನಲ್ಲಿ ನಮ್ಮ ಉಪ್ಪುಬೆಣ್ಣೆಯ ಕ್ಯಾರಮೆಲ್ಲನ್ನು ಜನ ಅಂಚು ನೋಡಿಯೇ ಗುರುತಿಸುತ್ತಾರೆ. ಈ ಯಂತ್ರ ಬೇಡವೆಂದಿದ್ದಕ್ಕೇ ನೀನು ಮುನಿಸಿಕೊಂಡು ನಾಂತ್ ಸೇರಿದ್ದು. ಆದರೂ ನನ್ನ ಮನಸ್ಸು ಬದಲಾಗಿರಲಿಲ್ಲ.

ಬದಲಾದದ್ದು ಮಣಿಕಟ್ಟು. ಈಗೀಗ ಅದು ನನ್ನ ಮಾತು ಕೇಳುವುದಿಲ್ಲ. ಅಷ್ಟರಲ್ಲಿ ಎನೋರಾಳ ಮದುವೆ ಬಂತು. ಅವಳ ಅಜ್ಜಿ ಮದಾಮ್ ಕೆರ್ವೆಲ್ಲಾ, ಹಾಲಿನಲ್ಲೂ ಕಲ್ಲು ಹುಡುಕುವ ಹೆಂಗಸು, ಊಟಕ್ಕೆ ಬಂದ ಪ್ರತಿಯೊಬ್ಬರ ಮುಂದೆಯೂ ನಮ್ಮ ಕ್ಯಾರಮೆಲ್ ಪೊಟ್ಟಣ ಇರಬೇಕೆಂದು ಹೇಳಿ ಹೋದಳು. ಆಗದು ಎಂದಿದ್ದರೆ, ಮಾರಿವೋನ್ ಕೈ ಸೋತಿತು ಎಂದು ಸಂಜೆಯೊಳಗೆ ಊರೆಲ್ಲ ಆಡಿಕೊಳ್ಳುತ್ತಿತ್ತು. ಹೂಂ ಎಂದೆ. ಪೆಟ್ಟಿಗೆ ಬಿಚ್ಚಿದೆ.

ಮೊದಲ ಸಲವೇ ಸಲೀಸಾಗಿ ಕತ್ತರಿಸಿತು, ಮಗಳೇ. ಚೌಕಟ್ಟನ್ನು ಒಮ್ಮೆ ಇಳಿಸಿದೆ, ಹಲಗೆಯನ್ನು ಅಡ್ಡ ತಿರುಗಿಸಿ ಇನ್ನೊಮ್ಮೆ ಇಳಿಸಿದೆ. ಜಜ್ಜಲಿಲ್ಲ, ಎಳೆ ಬಿಡಲಿಲ್ಲ. ಕಾಗದ ಸುತ್ತುತ್ತಾ ಒಬ್ಬಳೇ ನಗುತ್ತಿದ್ದೆ.

ನಿನ್ನೆ ಮದುವೆಯ ಊಟದಲ್ಲಿ ಮದಾಮ್ ಕೆರ್ವೆಲ್ಲಾ ಕನ್ನಡಕ ಏರಿಸಿ ಒಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಎಲ್ಲರಿಗೂ ಕೇಳುವಂತೆ, "ಈ ವಯಸ್ಸಲ್ಲೂ ಏನ್ ಕೈ ರೀ ನಿಮ್ದು, ಒಂದ್ ಕೂದ್ಲೆಳೆಯಷ್ಟೂ ಆಚೀಚೆ ಆಗಿಲ್ಲ" ಎಂದಳು.

ತಲೆಯಾಡಿಸಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ. "ಇದು ನನ್ ಮಗಳ ಕಾರುಬಾರು ರೀ" ಎಂದುಬಿಟ್ಟೆ. "ನಮ್ಮಂಗ್ಡೀಲಿ ಇನ್ಮೇಲೆ ಹೀಗೇ."

ನನ್ನ ಕೈಯನ್ನೇ ಹೊಗಳಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿದ್ದಿಲ್ಲ. ಎದುರಿಗಿದ್ದರೆ ಇದನ್ನು ಹೇಳುತ್ತಿರಲಿಲ್ಲ, ಅದಕ್ಕೇ ಬರೆದಿದ್ದೇನೆ.

ಎರಡೂ ಕೆನ್ನೆಗೆ ಮುತ್ತು ಕೊಟ್ಟು,
ನಿನ್ನ ಅಮ್ಮ
ಮಾರಿವೋನ್

ಮರೆತ ಮಾತು: ಮೊದಲ ಸಲವೇ ಸಲೀಸಾಯಿತು ಎಂದದ್ದು ಸುಳ್ಳು. ಚಾಕುವಿಗೆ ಮಾಡುವ ಹಾಗೆ ಕ್ಯಾರಮೆಲ್ಲನ್ನು ನೆಲಮಾಳಿಗೆಯಲ್ಲಿಟ್ಟು ಗಟ್ಟಿ ಮಾಡಿ ತಂದಿದ್ದೆ. ಎರಡು ತಂತಿ ಟಣ್ಣನೆ ತುಂಡಾದವು. ಬೆರಳೊತ್ತಿದರೆ ತುಸು ತಗ್ಗುವ ಹದಕ್ಕೆ ಬಂದ ಮೇಲೆ ಉಳಿದ ತಂತಿಗಳು ಇಳಿದವು. ತಂತಿಯಿಲ್ಲದ ಕಡೆ ಹಲ್ಲುಕಚ್ಚಿ ನನ್ನ ಚಾಕುವನ್ನೇ ಹಿಡಿದೆ. ಮದಾಮ್ ಹೊಗಳಿದ ತುಂಡು ತಂತಿಯದೋ ಚಾಕುವಿನದೋ ನನಗೂ ತಿಳಿಯಲಿಲ್ಲ. ನಿನಗಾದರೂ ತಿಳಿಯುತ್ತದೆಯೋ ನೋಡೋಣ, ಒಂದು ಡಬ್ಬಿ ತೆಗೆದಿಟ್ಟಿದ್ದೇನೆ. ಹೊಸ ತಂತಿಗಳನ್ನು ಅಂಚೆಗೆ ಹಾಕಬೇಡ, ನೀನೇ ತೆಗೆದುಕೊಂಡು ಬಾ.