ಮೂರು ಮೈಲಿಯಾಚೆ ಒಂದು ಸೋಲು

ಏಪೆಕ್ಸ್, ನಾರ್ತ್ ಕ್ಯಾರೊಲಿನಾ
೧೭ ಮೇ ೧೯೯೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ನಿನ್ನ ಕಿರಿಯ ಮಗಳು ಯಾಮಿನಿ ತಲೆಗೆ ಸ್ನಾನ ಮಾಡಿ, ಪೂರ್ವಕ್ಕೆ ಮುಖಮಾಡಿ ಕುಳಿತು ಬರೆಯುತ್ತಿರುವ ಪತ್ರ ಇದು. ಇಲ್ಲಿ ನಾನು ಕ್ಷೇಮ. ಪತ್ರ ಓದಿ ಮುಗಿಸಿದ ಮೇಲೂ ನೀವೆಲ್ಲ ಕ್ಷೇಮವಾಗಿರಬೇಕೆಂದು ಕೋರುತ್ತೇನೆ. ನೀನು ಇದನ್ನು ಅಪ್ಪನಿಗೂ ಮಹಡಿ ಮನೆಯ ವರಲಕ್ಷ್ಮಿ ಆಂಟಿಗೂ ಗಟ್ಟಿಯಾಗಿ ಓದಿ ಹೇಳುತ್ತಿರುವೆಯೆಂದು ಬಲ್ಲೆ. ಆದ್ದರಿಂದ ಸಭೆಗೆ ನನ್ನ ನಮಸ್ಕಾರಗಳು.

ಮೊದಲು ಸಣ್ಣ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಿನ್ನೆ ನಾನು ಇಸ್ಪೀಟಾಡಿದೆ. ಮನೆಯಲ್ಲಲ್ಲ, ಕ್ಯಾಸಿನೊದಲ್ಲಿ. ಆಟವೂ ಸಾಮಾನ್ಯದ್ದಲ್ಲ, ಪೋಕರ್ ಪಂದ್ಯಾವಳಿ. ಸೌತ್ ಕ್ಯಾರೊಲಿನಾದ ದಂಡೆಯಿಂದ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಕ್ಯಾಸಿನೊ ಹಡಗು ಹೊರಡುತ್ತದೆ. ಮೂರು ಮೈಲಿ ದಾಟುವವರೆಗೆ ಅದರಲ್ಲಿರುವವರೆಲ್ಲ ಸಭ್ಯರು. ಕೋಕ್ ಕುಡಿಯುತ್ತ ಪೆಲಿಕನ್ ಹಕ್ಕಿ ನೋಡುತ್ತಾರೆ. ಮೂರು ಮೈಲಿ ದಾಟಿತೆಂದು ಗಂಟೆ ಬಾರಿಸಿದ ಕೂಡಲೇ ಕಾನೂನು ಹಿಂದೆ ಉಳಿಯುತ್ತದೆ, ಅಜ್ಜಿಯರು ಕೂಡ ಓಡಿಹೋಗಿ ಕುರ್ಚಿ ಹಿಡಿಯುತ್ತಾರೆ. ನಿನಗೆ ಸಮಾಧಾನ ಸಿಗುವುದಾದರೆ ಒಂದು ಮಾತು: ಯಾವ ದೇಶದ ನೆಲದ ಮೇಲೂ ನಿನ್ನ ಮಗಳು ಜೂಜಾಡಿಲ್ಲ.

ನಾವು ನಾಲ್ವರು ಹೋಗಿದ್ದೆವು. ವ್ಯಾನು ಅವಿನಾಶನದು, ಬೆಂಗಳೂರಿನ ಜಯನಗರದವನು, ನನ್ನ ಪಕ್ಕದ ಅಪಾರ್ಟ್‌ಮೆಂಟು. ಶೇಷಾದ್ರಿ ನಮ್ಮ ಆಫೀಸಿನವನು. ಅವನು ಲೈಬ್ರರಿಯಿಂದ ಪೋಕರ್ ಪುಸ್ತಕವೊಂದನ್ನು ತಂದು, ಅದರಲ್ಲಿ ಮುಖ ಹೇಗಿಟ್ಟುಕೊಳ್ಳಬೇಕೆಂಬ ಅಧ್ಯಾಯವನ್ನು ಮಾತ್ರ ಓದಿದ್ದ. ನಾಲ್ಕನೆಯವನು ಚೇತನ. ಅವನ ವಿಷಯವನ್ನು ಸ್ವಲ್ಪ ನಿಧಾನಿಸಿ ಹೇಳಬೇಕು. ನೀನೂ ನಿಧಾನವಾಗಿ ಓದು.

ಚೇತನ ಗದಗಿನವನು. ರಾಲಿಯಲ್ಲಿ ಇಂಜಿನಿಯರು. ತಂದೆ ಸೋಮಲಿಂಗಪ್ಪನವರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು, ತಾಯಿ ಶಿವಕ್ಕ. ಹೋದ ವರ್ಷದ ಮೊದಲಿನ ವರ್ಷ ದೀಪಾವಳಿ ಊಟಕ್ಕೆ ಬಂದವನು, ನಾನು ಮಾಡಿದ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ ಇದಕ್ಕೆ ಉಪ್ಪು ಹಾಕುವ ಪದ್ಧತಿ ಮೈಸೂರಿನಲ್ಲಿ ಇಲ್ಲವೇ ಎಂದು ಕೇಳಿದ. ಅಂದಿನಿಂದ ಶುರುವಾದದ್ದು. ಒಂದೂವರೆ ವರ್ಷದಿಂದ ನಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ.

(ಆಂಟಿಗೆ ನೀರು ಕೊಡು. ಅಪ್ಪನಿಗೆ ಬೇಡ, ಅವರು ಪೇಪರ್ ಮರೆಯಲ್ಲಿ ಇರುತ್ತಾರೆ.)

ನಮ್ಮವರೇ ಎಂದು ಆಂಟಿ ಕೇಳುವ ಮೊದಲೇ ಹೇಳುತ್ತೇನೆ, ಅಲ್ಲ. ನಮ್ಮ ಮನೆಯಲ್ಲಿ ನಾಮ, ಅವರ ಮನೆಯಲ್ಲಿ ವಿಭೂತಿ. ಇದೇ ಕಾರಣಕ್ಕೆ ಇಬ್ಬರಿಗೂ ಮನೆಗೆ ಬರೆಯಲು ಧೈರ್ಯ ಬಂದಿರಲಿಲ್ಲ. ‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ಬರೆದು ಅಲ್ಲಿಗೇ ನಿಂತುಹೋದ ಹನ್ನೊಂದು ಹಾಳೆಗಳು ಅವನ ಡ್ರಾಯರಿನಲ್ಲಿವೆ. ನಾನು ಹವಾಮಾನದವರೆಗೆ ಬರುತ್ತಿದ್ದೆ, ಮುಂದೆ ಹೋಗುತ್ತಿರಲಿಲ್ಲ. ಹಿಂದಿನ ಪತ್ರಗಳಲ್ಲಿ ಅಷ್ಟೊಂದು ಹವಾಮಾನ ಯಾಕಿತ್ತೆಂದು ಈಗ ನಿನಗೆ ಅರ್ಥವಾಗಿರಬೇಕು.

ನಿನ್ನೆ ವ್ಯಾನಿನಲ್ಲಿ ಇದೇ ಜಗಳ. ಮೊದಲು ಯಾರು ಬರೆಯಬೇಕು? ಎರಡೂ ಮನೆಗೆ ಒಂದೇ ವಾರ ಬೆಂಕಿ ಹಚ್ಚಬಾರದು, ಒಂದು ಮನೆಯಿಂದ ಉತ್ತರ ಬಂದ ಮೇಲೆಯೇ ಇನ್ನೊಂದು ಮನೆಗೆ ಬರೆಯಬೇಕು ಎಂಬುದು ನಮ್ಮ ಸಿದ್ಧಾಂತ. ನಮ್ಮ ಜಗಳ ಕೇಳಿ ಕೇಳಿ ಸಾಕಾದ ಅವಿನಾಶ ತೀರ್ಪು ಕೊಟ್ಟ. ಆಟದಲ್ಲಿ ನಮ್ಮಿಬ್ಬರಲ್ಲಿ ಯಾರು ಮೊದಲು ಹೊರಬೀಳುತ್ತಾರೋ ಅವರು ಮರುದಿನವೇ ಮನೆಗೆ ಬರೆಯಬೇಕು. ಶೇಷಾದ್ರಿ ಸಾಕ್ಷಿ. ಇಬ್ಬರೂ ಕೈಮೇಲೆ ಕೈಯಿಟ್ಟು ಒಪ್ಪಿಕೊಂಡೆವು.

ಆಟ ಸರಳ. ಒಬ್ಬೊಬ್ಬರಿಗೆ ಐದು ಎಲೆ, ಬೇಡವಾದವನ್ನು ಒಮ್ಮೆ ಬದಲಾಯಿಸಬಹುದು, ನಂಬಿಕೆಯಿದ್ದಷ್ಟು ಬಿಲ್ಲೆ ಮುಂದೆ ತಳ್ಳಬೇಕು, ಬಿಲ್ಲೆ ಮುಗಿದವರು ಎದ್ದುಹೋಗಬೇಕು. ನಮಗೆ ಗೊತ್ತಿದ್ದದ್ದು ಮೂರೆಲೆ ಆಟ ಮಾತ್ರ. ಚೇತನ ಅದನ್ನು ಗದಗಿನಲ್ಲಿ ದೀಪಾವಳಿಯ ದಿನ ದೊಡ್ಡಪ್ಪಂದಿರ ನಡುವೆ ಕೂತು ಕಲಿತವನು. ನಾನು ಎಲ್ಲಿ ಕಲಿತೆನೆಂದರೆ, ಹಾಸ್ಟೆಲಿನಲ್ಲಿ ರಾತ್ರಿ ಗ್ರೂಪ್ ಸ್ಟಡಿ ಎಂದು ಬರೆಯುತ್ತಿದ್ದೆನಲ್ಲ, ಅಲ್ಲಿ.

ನಾಲ್ವರಿಗೂ ಒಂದೇ ಮೇಜು ಸಿಕ್ಕಿತು. ಶೇಷಾದ್ರಿ ಪುಸ್ತಕದಲ್ಲಿದ್ದಂತೆ ಮುಖವನ್ನು ಎಷ್ಟು ಕಲ್ಲು ಮಾಡಿಕೊಂಡನೆಂದರೆ, ಹಡಗಿನ ಹುಡುಗಿಯೊಬ್ಬಳು ಬಂದು ವಾಂತಿಯ ಚೀಲ ಕೊಟ್ಟುಹೋದಳು. ಅದನ್ನು ಹಿಡಿದುಕೊಂಡೇ ಸೋತ. ಅವಿನಾಶ ಮೂರೆಲೆಯ ಅಭ್ಯಾಸಬಲದಿಂದ ಎಲೆ ನೋಡದೆಯೇ ಬಿಲ್ಲೆ ತಳ್ಳತೊಡಗಿದ. ಫೋರ್ಟ್ ಮಿಲ್‌ನಿಂದ ಬಂದಿದ್ದ ಇಬ್ಬರು ರಿಟೈರ್ಡ್ ಅಜ್ಜಂದಿರಿಗೆ ಅಂಥ ಮನುಷ್ಯನನ್ನು ಕಂಡು ಅಭ್ಯಾಸವಿರಲಿಲ್ಲ. ಮೂರು ಸಲ ಹೆದರಿ ಆಟ ಬಿಟ್ಟುಕೊಟ್ಟರು. ನಾಲ್ಕನೆಯ ಸಲ ಅವಿನಾಶನಿಗೇ ಕುತೂಹಲವಾಗಿ ತನ್ನ ಎಲೆ ನೋಡಿಕೊಂಡ. ನೋಡಿದ್ದೇ ಧೈರ್ಯ ಹೋಯಿತು. ಹತ್ತು ನಿಮಿಷದಲ್ಲಿ ಅವನೂ ಹೊರಗೆ.

ಆಮೇಲಿನ ಒಂದು ಆಟದಲ್ಲಿ ಅಜ್ಜಂದಿರು ಎಲೆ ಬಿಟ್ಟುಕೊಟ್ಟು, ನಾನು ಮತ್ತು ಚೇತನ ಎದುರುಬದುರಾದೆವು. ನನ್ನ ಕೈಗೆ ಐದೂ ಆಟೀನು ಬಂದಿತ್ತು, ಅಂದರೆ ಒಂದೇ ಬಣ್ಣದ ಐದು ಎಲೆ, ಅದಕ್ಕೆ ಕಲರ್ ಎನ್ನುತ್ತಾರೆ. ಇದ್ದ ಬಿಲ್ಲೆಯನ್ನೆಲ್ಲ ಮುಂದೆ ತಳ್ಳಿದೆ. ಅವನೂ ಅಷ್ಟೇ ತಳ್ಳಿ ತನ್ನ ಎಲೆ ಬಿಚ್ಚಿದ. ಐದು, ಆರು, ಏಳು, ಎಂಟು, ಒಂಬತ್ತು, ಸಾಲಾಗಿ. ಸೀಕ್ವೆನ್ಸ್. ಮೂರೆಲೆಯಲ್ಲಿ ಸೀಕ್ವೆನ್ಸ್ ಕಲರಿಗಿಂತ ದೊಡ್ಡದು. ನಾನು ಎಲೆಗಳನ್ನು ತೋರಿಸದೆ ಮುಚ್ಚಿ ಡೀಲರ್ ಕಡೆ ಸರಿಸಿದೆ. ಆಕೆ ಅವನ್ನು ಕಟ್ಟಿನೊಳಗೆ ಕಲಸಿಬಿಟ್ಟಳು. ನಾನು ಸತ್ತೆ.

ಆಮೇಲೆ ಚೇತನನೂ ಬಹಳ ಹೊತ್ತು ಬಾಳಲಿಲ್ಲ. ನಾಲ್ವರೂ ಡೆಕ್ಕಿನ ಮೇಲೆ ಬಿಸಿಲಿನಲ್ಲಿ ನಿಂತು ಫ್ರೈಸ್ ತಿನ್ನುತ್ತಿದ್ದಾಗ ನನ್ನ ಕೈಯಲ್ಲೇನಿತ್ತೆಂದು ಹೇಳಿದೆ. ಶೇಷಾದ್ರಿ ಫ್ರೈಸ್ ಕೆಳಗಿಟ್ಟು, ಗೋಡೆಯ ಮೇಲೆ ಅಂಟಿಸಿದ್ದ ನಿಯಮಗಳನ್ನು ಓದಲು ಹೋದ. ತಿರುಗಿ ಬಂದವನು ಸಂತಾಪ ಸೂಚಿಸುವ ಧಾಟಿಯಲ್ಲಿ, ಪೋಕರಿನಲ್ಲಿ ಅದು ತಿರುಗಾಮುರುಗಾ, ಕಲರೇ ದೊಡ್ಡದು ಎಂದ. ಅವಿನಾಶ ರೇಲಿಂಗು ಹಿಡಿದುಕೊಂಡು ನಕ್ಕ.

“ಏ ದಡ್ಡಿ, ಗೆದ್ದಿರೋ ಆಟಾನ ಫೋಲ್ಡ್ ಮಾಡಿ ಗಿಫ್ಟ್ ಕೊಟ್ಟಿದೀಯಲ್ಲೇ. ಇನ್ವಿಟೇಶನ್‌ನಲ್ಲಿ ಹೆಸರಿನ ಮುಂದೆ ಬಿ.ಇ. ಅಂತ ಹಾಕಿಸ್ಬೇಡ.”

ಚೇತನ ನಗಲಿಲ್ಲ. ಅವನ ಮುಖ ಸ್ವಲ್ಪ ಬಿಳಿಚಿಕೊಂಡಿತು. ಕೈ ಒರೆಸಿಕೊಂಡು ನನ್ನ ಹತ್ತಿರ ಬಂದ.

“ಆಟ ನಿಂದ ಆಗಿತ್ತಲ್ಲ ಹಂಗಾರ. ನೀ ಬರೀಬ್ಯಾಡ. ನಾನ ಬರೀತೀನಿ ಅಪ್ಪಗ, ನಾಳೇನ.”

“ಎಲೆ ಕಲಸಿಬಿಟ್ರು ಚೇತೂ. ಕಲಸಿದ ಮೇಲೆ ಆಟ ಮುಗೀತು.”

“ಅನ್ಯಾಯ ಆಕ್ಕೈತಿ ನೋಡ.”

“ಆಗ್ಲಿ ಬಿಡು. ನಾನು ಬರೀತೀನಿ.”

ಅಮ್ಮ, ಇಲ್ಲಿ ಒಂದು ಕ್ಷಣ ನಿಲ್ಲಿಸಿ ಸಭೆಯ ಗಮನ ಸೆಳೆಯಬೇಕು. ಹನ್ನೊಂದು ಹಾಳೆ ಕೆಡಿಸಿದವನು, ಅಪ್ಪನ ಫೋನು ಬಂದರೆ ಈಗಲೂ ಎದ್ದುನಿಂತು ಮಾತಾಡುವವನು, ಗೆದ್ದ ಮೇಲೂ ತಾನೇ ಬರೆಯುತ್ತೇನೆಂದ. ವಿಭೂತಿ, ನಾಮ ಎಲ್ಲ ನೀವು ಚರ್ಚಿಸಿ, ಬೇಡವೆನ್ನುವುದಿಲ್ಲ. ಚರ್ಚೆಯ ನಡುವೆ ಇದನ್ನೂ ಒಂದು ಸಲ ಓದಿ.

ಸೋತವಳು ನಾನಾದ್ದರಿಂದ ಕೇಳುವವಳೂ ನಾನೇ. ಅವನನ್ನು ಮದುವೆಯಾಗಲು ನೀನೂ ಅಪ್ಪನೂ ಒಪ್ಪಬೇಕು. ಬೈಯುವುದಿದ್ದರೆ ಉದ್ದಕ್ಕೆ ಬೈದು ಬರೆಯಿರಿ, ಕಡೆಯ ಸಾಲಿನಲ್ಲಿ ಆಯಿತು ಎಂದಿದ್ದರೆ ಸಾಕು. ಅಪ್ಪ ಪೇಪರ್ ಮಡಿಸಿ ನಿನ್ನ ಮುಖ ನೋಡಿದರೆ, ಅದೇ ಅರ್ಧ ಒಪ್ಪಿಗೆಯೆಂದು ನಾನು ತಿಳಿಯುತ್ತೇನೆ.

ನಿಮ್ಮ ಉತ್ತರಕ್ಕಾಗಿ ಅಂಚೆಯ ಡಬ್ಬಿಯನ್ನು ದಿನಕ್ಕೆರಡು ಸಲ ತೆರೆದು ನೋಡಲಿರುವ,

ನಿನ್ನ
ಯಾಮಿನಿ

ತಾ.ಕ.: ಸಭೆ ಮುಗಿಯಿತು. ಇದನ್ನು ಗಟ್ಟಿಯಾಗಿ ಓದಬೇಡ. ಕಲರ್ ದೊಡ್ಡದೆಂದು ನನಗೆ ಗೊತ್ತಿತ್ತು ಅಮ್ಮ. ಟಿಕೆಟ್ಟಿನ ಜೊತೆ ಕೊಟ್ಟಿದ್ದ ಚೀಟಿಯಲ್ಲಿ ಬರೆದಿತ್ತು, ಹಡಗು ಮೂರು ಮೈಲಿ ದಾಟುವುದರೊಳಗೆ ಓದಿಕೊಂಡಿದ್ದೆ. ಬಿಲ್ಲೆ ತಳ್ಳಿದ್ದೂ ಗೆಲ್ಲಬೇಕೆಂದೇ. ಆದರೆ ಎಲೆ ಬಿಚ್ಚಿದಾಗ ಅವನ ಮುಖ ನೋಡಬೇಕಿತ್ತು ನೀನು. ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ಹುಡುಗನ ಹಾಗಿದ್ದ. ಅವನಿಗೆ ಇರುವುದು ಸೋಮಲಿಂಗಪ್ಪನವರು, ನನಗೆ ಇರುವುದು ನೀನು. ಮೊದಲು ಕೇಳಬೇಕಾದದ್ದು ಯಾರನ್ನೆಂದು ಆಗ ಹೊಳೆಯಿತು, ಎಲೆ ಮುಚ್ಚಿದೆ. ಇದು ಅವನಿಗೆ ಗೊತ್ತಿಲ್ಲ. ಮದುವೆಯ ಮರುದಿನ ಹೇಳೋಣವೆಂದಿದ್ದೇನೆ. ಅದು ಯಾವ ದಿನವೆಂದು ಅಪ್ಪನನ್ನು ಕೂರಿಸಿಕೊಂಡು ಪಂಚಾಂಗ ನೋಡಿ ನೀನೇ ತಿಳಿಸು.