ಈ ಫೈಲ್ ಬೇರೆ ಕಡೆ ತೆರೆದಿದೆ

ಮಾರ್ಚ್ 3, ಬೆಳಿಗ್ಗೆ

ಮತ್ತೆ ತೆರೆಯುತ್ತಿಲ್ಲ. ಅಣ್ಣನ ಕಂಪ್ಯೂಟರ್ ಮಹಡಿಯ ಮೇಲೆ, ನನ್ನ ಲ್ಯಾಪ್‌ಟಾಪ್ ಕೆಳಗೆ. 'ಹಳೇ ಫೋಟೋ' ಫೋಲ್ಡರ್ ಕಣ್ಣಿಗೆ ಕಾಣುತ್ತದೆ. ಕ್ಲಿಕ್ ಮಾಡಿದರೆ ಹಸಿರು ಗೆರೆ ಅರ್ಧ ದಾರಿ ಹೋಗಿ ನಿಲ್ಲುತ್ತದೆ. ವೈಫೈ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಬಂತು.

ಅಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕಿನ ಫೋಟೋಗಳನ್ನೆಲ್ಲ ಅಣ್ಣ ಸ್ಕ್ಯಾನ್ ಮಾಡುತ್ತಿದ್ದಾನೆ. ಆದಷ್ಟನ್ನು ಫೋಲ್ಡರಿಗೆ ಹಾಕುತ್ತಾನೆ. ಹೆಸರು ಕೊಡುವುದು ನಾನು — ಯಾರು, ಎಲ್ಲಿ, ಸುಮಾರು ಯಾವ ವರ್ಷ. ಕೂತು ಮಾತಾಡಿ ಹಂಚಿಕೊಂಡ ಕೆಲಸವಲ್ಲ. ಅವನು ಹಾಕಿದ, ನಾನು ಹೆಸರಿಟ್ಟೆ, ನಡೆದುಕೊಂಡು ಬಂತು. ಈ ಮನೆಯಲ್ಲಿ ಬಹಳಷ್ಟು ಹಾಗೇ.

ಇವತ್ತು ಬಂದವುಗಳಲ್ಲಿ ನನ್ನದೂ ಒಂದು. ತಗಡಿನ ಟಬ್ಬಿನಲ್ಲಿ ಕೂತ ಮೂರು ವರ್ಷದ ಮಗು, ಬಿಸಿಲಿಗೆ ಕಣ್ಣು ಕಿರಿದು ಮಾಡಿದೆ. ನನ್ನ ಬಾಲ್ಯದ್ದು ಎಂದು ಇರುವುದು ಇದೊಂದೇ. ಇದರದೇ ಇನ್ನೊಂದು ಪ್ರತಿ ಫ್ರೇಮಿನಲ್ಲಿ, ನನ್ನ ಮೇಜಿನ ಮೇಲಿದೆ. ನೋಡುವುದೇನು, ತೆರೆಯದೆಯೇ ಹೆಸರಿಟ್ಟೆ. 'ಪುಟ್ಟಿ'.

ಮಾರ್ಚ್ 5

ನನ್ನ ಫೋಟೋದ ಹೆಸರು 'ಮುದ್ದಿ' ಎಂದಾಗಿದೆ.

ಮುದ್ದಿ ನನ್ನ ಅಕ್ಕ. ನಾಲ್ಕು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ನಾನು ಹುಟ್ಟಿದ್ದು ಆಮೇಲೆ. ಅವಳ ಒಂದು ಫೋಟೋವೂ ಉಳಿದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಅಣ್ಣನ ಕೈತಪ್ಪು ಇರಬೇಕು. 'ಪುಟ್ಟಿ' ಎಂದು ತಿದ್ದಿದೆ.

ಮಾರ್ಚ್ 6

ಮತ್ತೆ 'ಮುದ್ದಿ'. ಕಂಪ್ಯೂಟರ್ ತಾನಾಗಿ ಹಳೆಯ ಹೆಸರನ್ನು ವಾಪಸ್ ತರುತ್ತಿರಬಹುದು — ಬ್ಯಾಕಪ್ ಹೀಗೆ ಮಾಡುವುದುಂಟು ಎಂದು ಇಂಟರ್ನೆಟ್ಟಿನಲ್ಲಿ ಬರೆದಿದ್ದಾರೆ. ತಿದ್ದಿದೆ.

ಓದುತ್ತಿರುವ ಕಾದಂಬರಿ ಮೂರು ಭಾಷೆ ದಾಟಿ ನನ್ನ ಕೈಗೆ ಬಂದದ್ದು. ಪಾತ್ರಗಳು ನಲವತ್ತು ಪುಟದಿಂದ ಒಂದೇ ರೈಲಿಗೆ ಕಾಯುತ್ತಿವೆ. ನನಗೇನೂ ಅವಸರವಿಲ್ಲ.

ಮಾರ್ಚ್ 10, ಸಂಜೆ

ಈಗ ಹೆಸರು ಬದಲಿಸಲೂ ಬಿಡುತ್ತಿಲ್ಲ, ತೆರೆಯಲೂ ಬಿಡುತ್ತಿಲ್ಲ. ಈ ಫೈಲ್ ಬೇರೆ ಕಡೆ ತೆರೆದಿದೆ, ನಂತರ ಪ್ರಯತ್ನಿಸಿ — ಇಷ್ಟೇ ಹೇಳುತ್ತದೆ. ಉಳಿದ ಫೋಟೋಗಳೆಲ್ಲ ಸಲೀಸು. ರೂಟರ್, ರೀಸ್ಟಾರ್ಟ್, ಪಾಸ್‌ವರ್ಡ್, ಶೇರಿಂಗ್ ಸೆಟ್ಟಿಂಗ್... ಎಲ್ಲ ಆಯಿತು.

ಮೇಲೆ ಹೋಗಿ ಕೇಳಬಹುದು. ಕೇಳಲಿಲ್ಲ. ಕೇಳಿದರೆ ಅವನು ಉತ್ತರ ಹೇಳಿಬಿಡುತ್ತಾನೆ.

ಮಾರ್ಚ್ 12

ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತಿಗೆ ಕೆಳಗಿಳಿದು ಬಂದರು. ವೈಫೈ, ಕರೆಂಟ್ ಬಿಲ್, ಎರಡೂ ಮನೆಯ ಬೀಗದ ಕೈ — ಎಲ್ಲ ಅವರ ಆಡಳಿತ.

"ಏನೇ, ದಿನಾ ಆ ರೂಟರ್ ಪ್ರಾಣ ತೆಗೀತಿದ್ದೀಯ? ನನ್ನ ಆಫೀಸ್ ಕೆಲಸ ಅರ್ಧಕ್ಕೇ ನಿಲ್ಲುತ್ತೆ."

"ಒಂದು ಫೈಲ್ ತೆರೀತಿಲ್ಲ ಅತ್ತಿಗೆ."

"ಹೇಗೆ ತೆರೆಯುತ್ತೆ? ಮೇಲೆ ನಿಮ್ಮಣ್ಣ ಆ ಟಬ್ಬಿನ ಫೋಟೋನ ತೆರೆದಿಟ್ಕೊಂಡು ಕೂತಿದ್ದಾರಲ್ಲ! ಮಡಿಚಿದ ಗೆರೆ ಅಳಿಸ್ತಾರಂತೆ. ಊಟಕ್ಕೆ ಎದ್ರೂ ಮುಚ್ಚಲ್ಲ. ಅವರ ದೂರು ಏನು ಗೊತ್ತಾ? ವೈರಸ್ ಬಂದಿದೆಯಂತೆ. ಇಟ್ಟ ಹೆಸರು ತಾನಾಗೇ ಬದಲಾಗುತ್ತಂತೆ."

ನಾನು ಚಪ್ಪಲಿಯನ್ನು ಗೂಡಿನಲ್ಲಿಟ್ಟೆ.

"ವೈರಸ್ಸಂತೆ, ವೈರಸ್ಸು! ನಡುವೆ ಇರೋದು ಒಂದು ಮೆಟ್ಟಿಲು ಸಾಲು. ನಿಮ್ಮಿಬ್ಬರ ಬಾಯಿಗೆ ಯಾವ ಪುಣ್ಯಾತ್ಮ ಪಾಸ್‌ವರ್ಡ್ ಹಾಕಿದ್ನೋ."

"ಅದು ನನ್ನ ಫೋಟೋ ಅತ್ತಿಗೆ."

ಅತ್ತಿಗೆಯ ನಗು ನಿಂತಿತು. "ನಾನು ಆಮೇಲೆ ಬಂದವಳು. ಅವರನ್ನೇ ಕೇಳು," ಎಂದು ಮೇಲೆ ಹೊರಟರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲಿಂದ ಕೂಗಿದರು: "ಮುಚ್ಚಿಸಿದ್ದೀನಿ. ಇನ್ನು ಆ ಹೆಸರಿನ ತಂಟೆಗೆ ಹೋಗಲ್ವಂತೆ. ನಿಂಗೆ ಬೇಕಾದ್ದು ಇಟ್ಕೋಬೇಕಂತೆ."

ಅದೇ ದಿನ, ಏಳು ಗಂಟೆ

ತೆರೆದೆ.

ನನ್ನ ಫ್ರೇಮಿನಲ್ಲಿರುವುದು ಒಂದು ಬದಿ ಕತ್ತರಿಸಿದ ಪ್ರತಿ. ಇದು ಪೂರ್ತಿಯದು. ಎಡಗಡೆ ಎರಡು ಬೆರಳು ಅಗಲ ಹೆಚ್ಚು ಇದೆ. ಅಲ್ಲೊಂದು ಕೈ. ಮಗು ಜಾರದಂತೆ ತೋಳು ಹಿಡಿದಿದೆ. ದೊಡ್ಡದು ಮಾಡಿ ನೋಡಿದೆ. ಕಿರುಬೆರಳು ಒಳಕ್ಕೆ ಬಾಗಿದೆ. ಹುಟ್ಟಿನಿಂದಲೂ ಅಣ್ಣನದು ಹಾಗೇ.

ಆದರೆ ಪುಟ್ಟ ಕೈ. ಏಳೆಂಟು ವರ್ಷದ ಹುಡುಗನದು. ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ನನಗೆ ಮೂರಾಗುವಾಗ ಅವನಿಗೆ ಮೀಸೆಯ ಆಸೆ ಬಂದಿತ್ತು.

ಮಾರ್ಚ್ 19

ಫೋಲ್ಡರ್ ತೆರೆದಿರಲಿಲ್ಲ ಇಷ್ಟು ದಿನ. ಇಂದು ತೆರೆದೆ. ಅಣ್ಣ ಹೊಸದೇನೂ ಹಾಕಿಲ್ಲ. 'ಮುದ್ದಿ' ಎಂದೇ ಇದೆ. ಯಾವ ತಡೆಯೂ ಇಲ್ಲ. ನಾನು 'ಪುಟ್ಟಿ' ಎಂದು ಬರೆದರೆ ಅದೇ ಉಳಿಯುತ್ತದೆ. ಅವನು ಮಾತು ಕೊಟ್ಟಿದ್ದಾನೆ.

ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡಿ ನಂಬರ್ ಬರೆದುಕೊಡುವವಳು ನಾನು. ಆ ಕಿರಿದು ಮಾಡಿದ ಕಣ್ಣು ನನ್ನದೇ ಎಂದು ಇಷ್ಟು ವರ್ಷ ನೋಡಿದ್ದೇನೆ. ಅದು ಹೋದರೆ ಮಗುವಾಗಿದ್ದ ನಾನು ಹೇಗಿದ್ದೆ ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಉಳಿಸಿಕೊಂಡರೆ...

ಬರೆದೆ. ಅಳಿಸಿದೆ. ಮುಚ್ಚಿದೆ.

ಮಾರ್ಚ್ 20, ಮಧ್ಯಾಹ್ನ

ರಜೆ ಹಾಕಿ ಮೇಲೆ ಹೋದೆ. ಅಣ್ಣ ಸ್ಕ್ಯಾನರಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸಿದ.

"ನೆಟ್‌ವರ್ಕ್ ಸರಿಯಾಯ್ತಾ?" ಎಂದ.

"ನೆಟ್‌ವರ್ಕ್ ಯಾವತ್ತೂ ಸರಿಯಾಗೇ ಇತ್ತು. ಆ ಕೈ ನಿಂದಾ?"

ಬಟ್ಟೆ ಕೆಳಗಿಟ್ಟ. "ಸ್ಕೂಲಲ್ಲಿ ಚಿಕ್ಕಂದಿನ ಫೋಟೋ ತನ್ನಿ ಅಂದಿದ್ರು ನಿಂಗೆ. ನಿಂದು ಇರ್ಲಿಲ್ಲ ಪುಟ್ಟಿ. ಮುದ್ದಿ ಹೋದ್ಮೇಲೆ ಅಪ್ಪ ಕ್ಯಾಮೆರಾನೇ ಮುಟ್ಲಿಲ್ಲ. ನೀನು ಮೂಲೇಲಿ ಕೂತು ಅತ್ತೆ. ಅಮ್ಮ ಕತ್ತರಿ ತಗೊಂಡು ನನ್ನ ಕೈ ಇದ್ದ ಕಡೆ ಕತ್ತರಿಸಿ, 'ಇಗೋ, ನೀನೇ ಕಣೇ' ಅಂತ ನಿನ್ನ ಕೈಗೆ ಕೊಟ್ಲು. ಕೊಟ್ಟು ನನ್ನ ಮುಖ ನೋಡಿದ್ಲು. ನಾನು ಬಾಯಿ ಮುಚ್ಕೊಂಡೆ."

"ಇಷ್ಟು ವರ್ಷ."

"ಅಮ್ಮ ಕೊಟ್ಟಿದ್ದನ್ನ ನಾನು ಕಿತ್ಕೊಳ್ಳೋದಾ?"

"ಈಗ ಮತ್ತೆ ಯಾಕಣ್ಣ?"

ಸ್ಕ್ರೀನ್ ಕಡೆ ತಿರುಗಿದ. "ಅಪ್ಪ ಇಲ್ಲ. ಅಮ್ಮನೂ ಹೋದ್ಲು. ಮುದ್ದೀನ ಕಣ್ಣಾರೆ ನೋಡಿದೋನು ನಾನೊಬ್ನೇ ಕಣೇ. ನಾನು ಹೋದ್ರೆ ಅವಳು ಇದ್ಲು ಅನ್ನೋದೇ ಇಲ್ಲ."

ಒಳಗಿನಿಂದ ಅತ್ತಿಗೆ, "ಇಬ್ರೂ ಮಾತಾಡ್ತಿದ್ದೀರಾ, ಇಲ್ಲ ಟಿವಿ ಹಾಕಿದ್ದೀರಾ?" ಎಂದರು. ಇಬ್ಬರಿಗೂ ನಗು ಬಂತು. ನನಗೆ ನಗುವಿನ ಜೊತೆ ಇನ್ನೇನೋ ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ.

ಕೆಳಗೆ ಬಂದು ಹೆಸರಿಟ್ಟೆ. 'ಮುದ್ದಿ. ತೋಳು ಹಿಡಿದಿರುವುದು ಅಣ್ಣ.'

ಮಾರ್ಚ್ 23, ಭಾನುವಾರ

ಅಣ್ಣ ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಬಾಯಿ ಬಿಟ್ಟರೆ ಇಷ್ಟು ಮಾತಾಡುವವನೆಂದು ಗೊತ್ತಿರಲಿಲ್ಲ.

ಮುದ್ದಿಗೆ ನೀರೆಂದರೆ ಪ್ರಾಣ. ಟಬ್ಬಿನಿಂದ ಎತ್ತಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಅಣ್ಣನ ಪೆನ್ಸಿಲುಗಳನ್ನು ಶೂ ಒಳಗೆ ಮುಚ್ಚಿಡುತ್ತಿದ್ದಳು. ಮಲಗುವಾಗ ಅವನ ಕಿವಿ ಹಿಡಿದುಕೊಂಡೇ ಮಲಗಬೇಕು. 'ಳ' ಬರುತ್ತಿರಲಿಲ್ಲ. ಅಮ್ಮ ಹೊಸದಾಗಿ ಬರಲಿರುವ ಮಗುವಿನ ಬಗ್ಗೆ ಮಾತಾಡಿದ ದಿನ, ಮುದ್ದಿ ಅಮ್ಮನ ಹೊಟ್ಟೆಗೆ ಬಾಯಿ ಹಚ್ಚಿ

ತಡಿ — ಆಗಲೇ ಮೇಲೆ ಹೋಗಿದ್ದ ಅಣ್ಣ ಮೆಟ್ಟಿಲಿಂದ ಕರೆಯುತ್ತಿದ್ದಾನೆ, ಅವಳು ಹೇಳಿದ್ದು ಈಗ ಸರಿಯಾಗಿ ನೆನಪಾಯಿತಂತೆ —