ನನ್ನ ಫೋಟೊ ಪಕ್ಕದ ಬೈಗುಳ

ವಂಶಿ,

ಕೋಲಾರದ ಬಸ್ಸಿಗೆ ಹೊರಟಿದ್ದೀನಿ. ನಿನ್ನನ್ನು ಎಬ್ಬಿಸಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಈ ಚೀಟಿ. ಸಾರು ಬಿಸಿ ಮಾಡ್ಕೊ. ಹಾಲು ಮುಚ್ಚಿಡು, ಬೆಕ್ಕು ಬರುತ್ತೆ.

ಕೇಸಿನ ವಾಯಿದೆ ಮುಂದಕ್ಕೆ ಹೋಯಿತು ಅಂತ, ಕಾನೂನು ನೆರವಿನವರ ಆರ್ಕುಟ್ ಪುಟದಲ್ಲಿ ಸುಂದರಾಬಾಯಿ ಮೇಡಂಗೆ ಬಾಯಿಗೆ ಬಂದ ಹಾಗೆ ಬೈದು ಬರೆದಿದ್ದೀಯ. ವಾಯಿದೆ ಕೊಡೋದು ಜಡ್ಜು ಕಣೋ, ಅವರಲ್ಲ. ಫೀಸೇ ತಗೊಳ್ಳದೆ ನನ್ನ ಜೀವನಾಂಶದ ಕೇಸು ನಡೆಸ್ತಿರೋರು ಅವರು.

ಮನೆಗೆಲ್ಲ ಒಂದೇ ಅಕೌಂಟು ಸಾಕು ಅಂದೋನು ನೀನೇ. ಅದರಲ್ಲಿರೋದು ನನ್ನ ಹೆಸರು, ನನ್ನ ಫೋಟೊ. ಓದಿದವರಿಗೆಲ್ಲ ಬೈದಿದ್ದು ನಾನೇ. ನಿನ್ನೆ ಎದುರುಮನೆ ಸಂಹಿತಾ ತೋರಿಸಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕೆಳಗೆ ಮೇಡಂ ಉತ್ತರ ಬರೆದಿದ್ದಾರೆ: "ಸೌಪರ್ಣಿಕಾ, ನಿಮಗೆ ಬೇಜಾರಾಗಿರೋದು ಸಹಜ. ನಾಳೆ ಆಫೀಸಿಗೆ ಬನ್ನಿ, ಮಾತಾಡೋಣ." ಈಗ ಅಲ್ಲಿಗೇ ಹೊರಟಿರೋದು. ಯಾವ ಮುಖ ಇಟ್ಕೊಂಡು ಹೋಗಲಿ, ಹೇಳು?

ಎದ್ದ ತಕ್ಷಣ ಸೈಬರ್ ಸೆಂಟರಿಗೆ ಹೋಗಿ ಅದನ್ನು ಅಳಿಸು. ನಿನ್ನ ಹೆಸರಲ್ಲೇ ಬೇರೆ ಅಕೌಂಟು ಮಾಡ್ಕೊಂಡು, ಬರೆದೋನು ನಾನು, ಅಕ್ಕ ಅಲ್ಲ ಅಂತ ಎಲ್ಲರೆದುರು ಕ್ಷಮೆ ಕೇಳು. 'ನೀವು' ಅಂತ ಬರಿ. ಅಕ್ಕನ ಮೇಲಿನ ಪ್ರೀತಿಯಿಂದ ಹಾಗಂದೆ ಅಂತ ಮಾತ್ರ ಬರೀಬೇಡ.

ಯಾಕಂದ್ರೆ ಕೊನೇಲಿ ಅವರಿಗೆ ಒಂದು ಮಾತು ಅಂದಿದ್ದೀಯಲ್ಲ, ನಿಮ್ಮ ಭಾವ ನನ್ನನ್ನು ದಿನಾ ಕರೀತಿದ್ದದ್ದು ಅದೇ ಮಾತಿನಿಂದ. ಅದನ್ನು ಕೇಳಲಾರದೆ ತಾನೇ ನಾನು ಈ ಮನೆಗೆ ಬಂದಿದ್ದು.

ಅಕ್ಕ